ಗಂಜಿ ಹಾಕಿದ ಸ್ವೆಟರ್

ನಸುಕಿನಲ್ಲೇ ಬೈಕ್ ಹತ್ತಿ ಮೇಡ್ಲೇರಿಯಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹಮಾಲಿಗೆ ಹೋಗುವ ಮೈಲೇಶನಿಗೆ ಚಳಿಗಾಲ ಬಂತೆಂದರೆ ಕೆಮ್ಮು ಬಿಡುತ್ತಿರಲಿಲ್ಲ. ಕಂಬಳಿ ಹೊದ್ದು ಬೈಕ್ ಓಡಿಸಿದರೆ ಅದು ಪಟಪಟ ಬಡಿದು ಹಿಂದಕ್ಕೆ ಹಾರುತ್ತಿತ್ತು. ಅಂಗಡಿಯ ಸ್ವೆಟರ್ ತೆಳು; ಗಾಳಿ ನೇರ ಎದೆಗೇ ಇಳಿಯುತ್ತಿತ್ತು. ಅದಕ್ಕೇ ಅವನ ಹೆಂಡತಿ ಕಾವೇರಿ, ರಾಣೆಬೆನ್ನೂರಿನ ತವರಿನಲ್ಲಿ ಕಲಿತ ಹೆಣಿಕೆಯನ್ನು ನೆನಪು ಮಾಡಿಕೊಂಡು, ಮಾವ ಬೀರಲಿಂಗಪ್ಪ ನೂತಿಟ್ಟ ಕರಿ ಉಣ್ಣೆಯನ್ನು ಕೇಳಿದಳು.

ಬೀರಲಿಂಗಪ್ಪ ಕಂಬಳಿ ನೇಯ್ದೇ ಮುದುಕನಾದವನು. "ಮಗ್ಗಕ್ಕ ಹೋಗೂ ನೂಲು ಹೆಣಿಕಿ ಕಡ್ಡಿಗೆ ಹೊಂಟೈತಿ," ಎಂದು ಗೊಣಗಿಯೇ ಉಂಡೆ ಕೊಟ್ಟಿದ್ದ. ಎದೆಯ ಮೇಲೆ ಜಡೆ ಹೆಣಿಕೆ ಮೂಡತೊಡಗಿದಾಗ ಸುಮ್ಮನಿರಲಾಗಲಿಲ್ಲ.

"ಗಂಡಸಿನ ಎದಿ ಮ್ಯಾಲ ಹೆರಳು ಯಾಕವಾ? ಹೂವು ಮುಡಸಾಕೇನು?"

"ಗಂಡಸರ ಸ್ವೆಟರಿಗೇ ಈ ಹೆಣಿಕಿ ಹಾಕ್ತಾರ್ರಿ ಮಾವಾರ. ಎಳಿ ಮ್ಯಾಲ ಎಳಿ ಬಂದು ಎದಿ ಬೆಚ್ಚಗಿರತೈತಿ."

ಹೇಳಿದಳೇ ಹೊರತು ಅವಳಿಗೂ ಖಾತ್ರಿಯಿರಲಿಲ್ಲ. ಬಿಚ್ಚಿದಳು, ಹೆಣೆದಳು, ಮತ್ತೆ ಬಿಚ್ಚಿದಳು. ಕುತ್ತಿಗೆ ಬಿಗಿಯಾಯಿತೇ? ತೋಳು ಗಿಡ್ಡವಾಯಿತೇ? ಪೇಟೆಯಲ್ಲಿ ನಾಲ್ಕು ಜನ ನಕ್ಕರೆ ಇವನು ಮತ್ತೆ ತೊಟ್ಟಾನೇ?

ಅಂತೂ ಮುಗಿಯಿತು. ಸ್ವೆಟರನ್ನು ಹಾಸಿಗೆಯ ಮೇಲೆ ಹರವಿ ಹೊಲಕ್ಕೆ ಹೋದಳು. ಬರುವಷ್ಟರಲ್ಲಿ ಅದು ಅಂಗಳದ ಬಿಸಿಲಿನಲ್ಲಿ, ಬಿದಿರ ಗಳದ ಮೇಲೆ ಕೈ ಚಾಚಿ ನಿಂತಿತ್ತು. ಮುಟ್ಟಿದರೆ ಹಲಗೆ. ಕೆಳಗೆ ಹುಣಸೆಬೀಜದ ಗಂಜಿಯ ಗಡಿಗೆ, ಕುಂಚ.

ತನ್ನ ಕೆಲಸ ಇವರಿಗೆ ಅಷ್ಟು ಬೇಡವಾಯಿತೇ?

"ಏನ್ ಮಾಡೀರಿ ಮಾವಾರ ಇದು?"

"ಗಂಜಿ ಹಾಕೇನಿ. ನೀ ಮರತಿದ್ದಿ ನೋಡು," ಎಂದ ಮುದುಕ ಹಿಗ್ಗಿನಿಂದ. "ಗಂಜಿ ಕಾಣದ ಕಂಬಳಿ ಗಾಳಿ ತಡೀತೈತೇನು? ಹುಡುಗ ಕೆಮ್ಮೂದು ಕೇಳಾಕ ಆಗವಲ್ದು. ದಪ್ಪಗ ಬಳದೇನಿ."

ಅವನ ಬೆರಳ ಸಂದಿಯಲ್ಲಿ ಗಂಜಿ ಇನ್ನೂ ಅಂಟಿಕೊಂಡಿತ್ತು. ಕಾವೇರಿ ಗಡಿಗೆ, ಕುಂಚ ಎತ್ತಿಕೊಂಡು ತೊಳೆಯಲು ನಡೆದಳು.

ಮರುದಿನ ನಸುಕಿಗೆ ಮೈಲೇಶ ಅದರೊಳಗೆ ಹೇಗೋ ತಲೆ ತೂರಿಸಿದ. "ಏ, ಇದು ಅಂಗಿಯೋ ತಗಡಿನ ಪತ್ರಾಸೋ?" ಎಂದವನು, ಕಟ್ಟೆಯ ಮೇಲೆ ಕಾದು ಕುಳಿತ ಅಪ್ಪನನ್ನೂ ಹೆಂಡತಿಯ ಮುಖವನ್ನೂ ನೋಡಿ, ಹಾಗೇ ಬೈಕ್ ಹತ್ತಿ ಹೊರಟ.

ಇಡೀ ದಿನ ಅವಳಿಗೆ ಒಂದೇ ಯೋಚನೆ. ಚೀಲ ಹೇಗೆ ಎತ್ತುತ್ತಾನೆ? ಬೆಳಿಗ್ಗೆಯೇ ಬೇಡವೆನ್ನಬೇಕಿತ್ತು. ಅಂದಿದ್ದರೆ ಮಾವನ ಮನಸ್ಸು?

ಸಂಜೆ ಮೈಲೇಶ ಸ್ವೆಟರಿನಲ್ಲೇ ಬಂದ. "ಖರೇ ಹೇಳ್ತೇನಿ, ಎದಿಗೆ ಒಂಚೂರೂ ಗಾಳಿ ಬಡೀಲಿಲ್ಲ. ಕೆಮ್ಮೂ ಇಲ್ಲ. ಆದರ ಕೈ ಬಾಗವಲ್ಲವು! 'ಮೆಣಸಿನಕಾಯಿ ಕಾಯಾಕ ಬೆದರುಬೊಂಬಿ ಬಂತು' ಅಂತ ಜೊತಿ ಹಮಾಲ ಕೈಸರ ದಿನಪೂರ್ತಿ ನಕ್ಕಾನ. ಚೀಲ ಎತ್ತೂಮುಂದ ಬಿಚ್ಚೇ ಇಡಬೇಕಾತು."

ಬೀರಲಿಂಗಪ್ಪನ ಮುಖ ಸಣ್ಣದಾಯಿತು. ಕಾವೇರಿ ಧೈರ್ಯ ತಂದುಕೊಂಡಳು. "ಮಾವಾರ, ಎದಿ ಹಂಗ ಇರ್ಲಿ. ತೋಳಷ್ಟ ತೊಳದು ಗಂಜಿ ತಗೀಲೇನ್ರಿ?"

ಮುದುಕ ಜಡೆ ಹೆಣಿಕೆಯ ಮೇಲೆ ನಿಧಾನವಾಗಿ ಕೈಯಾಡಿಸಿದ.

"ಆತು. ತೋಳು ನಿಂದು, ಎದಿ ನಂದು. ಹೆರಳಿಗೆ ನೀರು ತಾಗೀತು, ಹುಷಾರ್ ಮತ್ತ."

ಅವಳು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದಳು. ಅವನು ಎದೆಯ ಭಾಗವನ್ನು ಕೂಸಿನಂತೆ ಎತ್ತಿ ಹಿಡಿದ. ಅವಳು ತೋಳುಗಳನ್ನು ನೀರಿಗಿಳಿಸಿ ಮೆಲ್ಲಗೆ ಹಿಸುಕತೊಡಗಿದಳು.