ಹಂದಿ ಕೂಗಿನ ಪ್ಲೇಟು

"ಎಲ್ಲಿ ಉಟ್ಟು ಅತ್ತಿಗೆ, ಆ ಪ್ಲೇಟು?"

ಮೂರ್ನಾಡಿನಿಂದ ಹೊತ್ತು ತಂದ ಗ್ರಾಮಫೋನ್ ಪೆಟ್ಟಿಗೆಯನ್ನು ಜಗಲಿಯ ಮೇಲಿಳಿಸಿ ಕೂಸಪ್ಪ ಬೆವರೊರೆಸಿಕೊಂಡ.

ದಮಯಂತಿ ಒಳಗಿನ ಟ್ರಂಕಿನ ಕಡೆ ನೋಡಿದಳು. ಗಂಡ ಸಾಂತಪ್ಪ ತೋಟದ ನೆರಳು ಮರದಿಂದ ಬಿದ್ದು ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮುಖ ನೆನೆಯಲು ಮದುವೆಯ ಫೋಟೋ ಇತ್ತು. ದನಿ ಮಾತ್ರ ಈಚೆಗೆ ನೆನಪಿನಿಂದ ಜಾರುತ್ತಿತ್ತು. ಅವನು ತನ್ನನ್ನು ಹೇಗೆ ಕರೆಯುತ್ತಿದ್ದನೆಂದು ನೆನೆದರೆ ಮಾತು ಬರುತ್ತಿತ್ತು, ದನಿ ಬರುತ್ತಿರಲಿಲ್ಲ.

ಮದುವೆಗೆ ಮೊದಲು ಸಾಂತಪ್ಪ, ಕೂಸಪ್ಪ ಗೆಳೆಯರಿಬ್ಬರೂ ಮದರಾಸಿಗೆ ಹೋಗಿ ಮಾಡಿಸಿದ ಪ್ಲೇಟು ಅದು. ಗದ್ದೆ ಕಾವಲಿನವರು ಹಂದಿ ಓಡಿಸಲು ಹಾಕುವ ಕೂಗನ್ನೇ ಸಾಂತಪ್ಪ ಹಾಡು ಮಾಡಿದ್ದ. ಕೂಸಪ್ಪ ಸೀಮೆಎಣ್ಣೆ ಡಬ್ಬ ಬಡಿದಿದ್ದ. ರಾಗವಿಲ್ಲ, ದೇವರ ಹೆಸರಿಲ್ಲ. ಕಾಫಿಹಣ್ಣಿನ ತೂಕದಲ್ಲಿ ಕೂಲಿಯವರಿಗೆ ಮೋಸ ಮಾಡುವ, ತೋಟದ ಲೆಕ್ಕ ಬರೆಯುವ ರೈಟರನನ್ನು ಹಂದಿಯೆಂದು ಕರೆದು, ಗಂಟಲು ಹರಿಯುವಂತೆ ಅಟ್ಟುವ ಹಾಡು. ಮಾರಲು ಕೊಟ್ಟರೆ ಅಂಗಡಿಯವನು ವಾರ ಇಟ್ಟುಕೊಂಡು ಪ್ಲೇಟುಗಳ ಕಟ್ಟನ್ನು ಹಿಂದಕ್ಕೆ ಕೊಟ್ಟ. ಒಂದನ್ನು ಸಾಂತಪ್ಪ ಇಟ್ಟುಕೊಂಡ; ಉಳಿದವು ಊರಿನ ಉಪ್ಪಿನಕಾಯಿ ಭರಣಿಗಳಿಗೆ ಮುಚ್ಚಳವಾದವು. ಮದುವೆಯಾದ ಹೊಸದರಲ್ಲಿ ಸಾಂತಪ್ಪ ಕೇಳಿಸುತ್ತೇನೆಂದಾಗ, ಬಿ.ಎ. ಓದಿ ಬಂದ ದಮಯಂತಿ "ಆಮೇಲೆ ಕೇಳಿದರಾಯಿತು" ಅಂದಿದ್ದಳು.

"ಮೈಸೂರಿನ ಮೇಷ್ಟ್ರೊಬ್ಬರು ಆ ಪ್ಲೇಟು ಹುಡುಕಿಕಂಡ್ ಬಂದೊಳೊ," ಎಂದ ಕೂಸಪ್ಪ. "ಆಗ ಅಂಗಡಿಲಿ ಒಮ್ಮೆ ಕೇಳಿದ್ದಂತೆ. ಇನ್ನೂ ಮರ್ತಿತ್ಲೆ."

ಅತ್ತೆ ಪೊನ್ನಮ್ಮ ಒಳಗಿಂದಲೇ ನಕ್ಕರು. "ಹಂದಿ ಬೊಬ್ಬೆ ಕೇಳಿಕೆ ಮೈಸೂರಿಂದ ಬರೊಕಾ? ನನ್ನ ಕೇಳಿದ್ದರೆ ನಾನೇ ಕೂಗ್ತಿದ್ದೆ."

ದಮಯಂತಿ ಟ್ರಂಕು ತೆರೆಯಲು ಎದ್ದಳು.

"ಅಲ್ಲಿ ಇಲ್ಲೆ," ಎಂದರು ಪೊನ್ನಮ್ಮ. "ಟ್ರಂಕ್‌ಲಿ ನಿನ್ನ ಸೀರೆಗೇ ಬೂಸ್ಟು ಬಂದಿತ್ತ್. ಮಳೆಗಾಲಲೇ ತೆಗ್ದ್ ಅಟ್ಟಲಿ ಇಟ್ಟೆ. ಅಲ್ಲಿ ಇಟ್ಟದ್ದ್ ಎಂತದೂ ಹಾಳಾದ್ ಇಲ್ಲೆ."

ಒಲೆಯ ಮೇಲಿನ ಹೊಗೆಯ ಅಟ್ಟ. ಬಿತ್ತನೆಯ ಸೌತೆಬೀಜ, ಒಣಗಿದ ಹಂದಿಮಾಂಸ, ಬಿದಿರ ಬುಟ್ಟಿ, ಆ ಮನೆಯಲ್ಲಿ ಕಾಪಾಡಬೇಕಾದ್ದೆಲ್ಲ ಅಲ್ಲೇ. ಪೊನ್ನಮ್ಮ ಏಣಿ ಹತ್ತಿ, ತಮ್ಮ ಮದುವೆಯ ಕೆಂಪು ಸೀರೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

ಬಿಚ್ಚಿದಾಗ ಪ್ಲೇಟು ಸುಟ್ಟ ಹಪ್ಪಳದಂತೆ ಏರಿಳಿದಿತ್ತು. ಕೂಸಪ್ಪ ದಮಯಂತಿಯನ್ನು ನೋಡಿದ. ಅವಳು ತಲೆ ಅಲ್ಲಾಡಿಸಿದಳು: ಹೇಳಬೇಡಿ.

"ಎಂತಾತ್?"

"ಎಂತ ಇಲ್ಲೆ, ಅವ್ವ. ಬಿಸಿಗೆ ಚೂರು ಎದ್ದುಟು."

ಕೂಸಪ್ಪ ಪೆಟ್ಟಿಗೆಯ ಕೀಲಿ ತಿರುಗಿಸಿ ಸೂಜಿ ಇಟ್ಟ. ದೋಣಿಯಂತೆ ಅದು ಎದ್ದು ಬಿದ್ದು ಹೋಯಿತು. ಚರಚರ. ಡಬ್ಬಕ್ಕೆ ಮೂರು ಪೆಟ್ಟು. ಆಮೇಲೆ ಒಬ್ಬ ಗಂಡಸು ಎದೆ ತುಂಬ ಉಸಿರೆಳೆದುಕೊಂಡ ಸದ್ದು. ಅಷ್ಟೇ. ಸೂಜಿ ಕರ್ರೆಂದು ಅಡ್ಡ ಜಾರಿ ನಡುವಿಗೆ ಬಂತು. ಮಗುಚಿ ಹಾಕಿದರೆ ಆ ಬದಿಯಲ್ಲಿ ಸೂಜಿ ನಿಲ್ಲಲೇ ಇಲ್ಲ.

"ಅವನೇ ಅಲ್ವಾ?" ಪೊನ್ನಮ್ಮ ಕೇಳಿದರು. "ಹಾಡಿದ್ನಾ?"

"ಅವರೇ, ಅತ್ತೆ." ದಮಯಂತಿ ಕೂಸಪ್ಪನ ಕಡೆ ತಿರುಗಿದಳು. "ಮೊದಲಿನ ಬದಿ. ಇನ್ನೊಮ್ಮೆ ಇಡಿ."

ಮೂರು ಪೆಟ್ಟು, ಉಸಿರು.

"ಇನ್ನೊಮ್ಮೆ."

ಸೂಜಿಗಳು ಬೇಗ ಬೇಗ ಮೊಂಡಾದವು. ಕೂಸಪ್ಪ ಬದಲಿಸುತ್ತ ಹೋದ. ಜಗಲಿಯ ಮೇಲೆ ಹಳೆಯವು ಐದಾರು ಬಿದ್ದಿದ್ದವು. ಕೋಳಿಯೊಂದು ಅಂಗಳದಿಂದ ಹತ್ತಿ ಬಂದು ಅವನ್ನು ಹೆಕ್ಕಲು ಕತ್ತು ಚಾಚಿತು. ಪೊನ್ನಮ್ಮ ಹುಶ್ ಎನ್ನಲು ಬಾಯಿ ತೆರೆದವರು ಮುಚ್ಚಿಕೊಂಡು, ಸದ್ದಾಗದಂತೆ ಸೆರಗು ಬೀಸಿ ಅದನ್ನು ಅಟ್ಟಿದರು.