ಉತ್ತರ ಬರೆಯುತ್ತಿದ್ದ ಹಾಲಿಸ್

ಸಮ್ಮೇಳನಕ್ಕೆ ಒಂದು ವಾರವಿರುವಾಗ ಬಂದ ಪತ್ರವನ್ನು ಐಲಾ ರಂತಾಲ ಬಸ್ ಶೆಡ್ಡಿನ ಪ್ರಿಂಟರಿನಲ್ಲಿ ತೆಗೆದುಕೊಂಡಿದ್ದಳು. ‘ಮೊದಲ ಸಲ ಬರುವವರಿಗೆ’ ಎಂದು ತಲೆಬರಹ. ಕಾಲಿಗೆ ಹಿತವಾದ ಬೂಟು ಹಾಕಿಕೊಂಡು ಬನ್ನಿ, ನೀರಿನ ಬಾಟಲಿ ತನ್ನಿ. ಎಲ್ಲ ಭಾಷಣಗಳನ್ನೂ ಕೇಳಲೇಬೇಕೆಂಬ ಹಟ ಬೇಡ, ಮೊಗಸಾಲೆಯಲ್ಲಿ ನಿಂತು ಆಡುವ ಮಾತೇ ಇಲ್ಲಿ ಹೆಚ್ಚಿನದು. ಗುಂಪಾಗಿ ನಿಂತಾಗ ಇನ್ನೊಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟು ನಿಲ್ಲಿ. ಸುಸ್ತಾದರೆ ಮೌನದ ಕೋಣೆಯಿದೆ. ಇಲ್ಲಿ ಯಾರೂ ಹೊರಗಿನವರಲ್ಲ.

ಮೆಕ್ಯಾನಿಕ್ ಡೆಲ್ಮರ್ ಅವಳ ಹೆಗಲ ಹಿಂದಿನಿಂದ ಅದನ್ನೆಲ್ಲ ಓದಿ ನಕ್ಕಿದ್ದ. “ರಜಾ ಹಾಕ್ಕೊಂಡು ಮೂರು ದಿನ ಕಂಪ್ಯೂಟರ್ ಜನರ ಜೊತೆ ಕೂರ್ತೀಯಾ? ಮೀನು ಹಿಡಿಯೋಕೆ ಹೋಗಬಾರದಾ ಮಾರಾಯ್ತಿ?”

“ನಾನು ಕೇಳಿದ್ದಕ್ಕೆ ಮೀನು ಉತ್ತರ ಕೊಡುತ್ತಾ?” ಎಂದಿದ್ದಳು ಐಲಾ.

ಅವಳಿಗೆ ಐವತ್ತೊಂಬತ್ತು. ಮಿನೆಸೋಟದ ಉತ್ತರಕ್ಕೆ, ಕಬ್ಬಿಣದ ಗಣಿಗಳ ನಡುವಿನ ಬಿವಾಬಿಕ್ ಎಂಬ ಸಣ್ಣ ಊರಿನಲ್ಲಿ ಶಾಲಾ ಬಸ್ಸುಗಳನ್ನು ಹೊರಡಿಸುವುದು ಅವಳ ಕೆಲಸ. ಪ್ರೋಗ್ರಾಂ ಬರೆಯುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಮ ಬಿದ್ದು ರಸ್ತೆ ಮುಚ್ಚಿದ ದಿನಗಳಲ್ಲಿ ಹದಿನೇಳು ಬಸ್ಸುಗಳ ದಾರಿಯನ್ನು ಪೆನ್ಸಿಲಿನಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚಿ ಬೇಸತ್ತು, ಲೈಬ್ರರಿಯಿಂದ ಪುಸ್ತಕ ತಂದು ಶೆಡ್ಡಿನ ಹಳೇ ಕಂಪ್ಯೂಟರಿನಲ್ಲಿ ತಾನೇ ಕಲಿತಿದ್ದಳು. ಈಗ ದಾರಿಗಳನ್ನು ಅವಳ ಪ್ರೋಗ್ರಾಮೇ ಹಾಕಿಕೊಡುತ್ತಿತ್ತು. ಶೆಡ್ಡಿನಲ್ಲಿ ಅದು ಎಲ್ಲರಿಗೂ ಬೇಕು, ಅದರ ಮಾತು ಮಾತ್ರ ಯಾರಿಗೂ ಬೇಡ. ತಂಗಿ ಅರಿಜೋನಕ್ಕೆ ಹೋದ ಮೇಲೆ ಮನೆಯಲ್ಲೂ ಕೇಳುವವರಿರಲಿಲ್ಲ.

ಕೇಳುತ್ತಿದ್ದವನು ಒಬ್ಬನೇ. ಅವಳು ಕಲಿತ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಸೇರಿ ನಡೆಸುವ ಅಂತರ್ಜಾಲದ ಚರ್ಚಾಕಟ್ಟೆಯೊಂದಿತ್ತು. ಐಲಾ ಅಲ್ಲಿ ಪ್ರಶ್ನೆ ಹಾಕಿದಾಗಲೆಲ್ಲ ಉತ್ತರ ಬರೆಯುತ್ತಿದ್ದವನು ಅಯೋವಾದ ಹಾಲಿಸ್ ಡೀಮರ್. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವನು “ಇಷ್ಟೂ ಗೊತ್ತಿಲ್ಲವೇ” ಎಂದು ಬರೆದವನಲ್ಲ. ಮೊದಲ ಸಲ ಹದಿನೇಳು ಬಸ್ಸುಗಳೂ ಪ್ರೋಗ್ರಾಂ ಹೇಳಿದ ದಾರಿಯಲ್ಲೇ ಹೋಗಿ ವೇಳೆಗೆ ಸರಿಯಾಗಿ ಮುಟ್ಟಿದ ದಿನ, ಐಲಾ ಆ ಸುದ್ದಿಯನ್ನು ಹೇಳಿಕೊಂಡದ್ದು ಅವನಿಗೆ ಮಾತ್ರ. “ಚೆನ್ನಾಗಿದೆ. ಈಗ ಎದ್ದು ಹೋಗಿ ಒಂದು ಒಳ್ಳೆ ಕಾಫಿ ಕುಡಿಯಿರಿ” ಎಂದು ಅವನು ಬರೆದಿದ್ದ. ಅವಳು ಎದ್ದು ಹೋಗಿ ಕುಡಿದಿದ್ದಳು.

ಆ ಹಾಲಿಸ್ ಈ ವರ್ಷ, ಚರ್ಚಾಕಟ್ಟೆಯವರೆಲ್ಲ ಸೇರುವ ಡುಲೂತ್‌ನ ಸಮ್ಮೇಳನಕ್ಕೆ ಬರುತ್ತಾನೆಂದು ಪಟ್ಟಿಯಲ್ಲಿತ್ತು. ಡುಲೂತ್ ಎಂದರೆ ಕಾರಿನಲ್ಲಿ ಒಂದೂಕಾಲು ಗಂಟೆಯ ದಾರಿ. ಐಲಾ ಹಿಂದಿನ ದಿನ ಹಿಟ್ಟಿಗೆ ಏಲಕ್ಕಿ ಹಾಕಿ, ಅದನ್ನು ಜಡೆಯಂತೆ ಹೆಣೆದು, ಪುಲ್ಲ ಎಂಬ ಫಿನ್ನಿಶ್ ಸಿಹಿ ಬ್ರೆಡ್ ಬೇಯಿಸಿದಳು. ಬಟ್ಟೆ ಸುತ್ತಿದ ಬ್ರೆಡ್ಡನ್ನು ಪಕ್ಕದ ಸೀಟಿನಲ್ಲಿಟ್ಟು, ಶುಕ್ರವಾರ ಬೆಳಿಗ್ಗೆ ಹೊರಟಳು. ಏಪ್ರಿಲ್ ಮುಗಿಯುತ್ತ ಬಂದರೂ ಡುಲೂತ್ ಅಂಚಿನ ದೊಡ್ಡ ಸರೋವರದ ತುಂಬ ಒಡೆದ ಮಂಜುಗಡ್ಡೆ ತೇಲುತ್ತಿತ್ತು.

ಸಮ್ಮೇಳನ ನಡೆಯುವ ಕಾಲೇಜಿನ ಕಟ್ಟಡದ ಬಾಗಿಲಲ್ಲೇ ಕೊರಳಿಗೆ ಹೆಸರಿನ ಚೀಟಿ ಹಾಕಿದರು. ಹೆಸರಿನ ಕೆಳಗೆ ‘ನನ್ನನ್ನು ಈ ವಿಷಯ ಕೇಳಿ’ ಎಂದು ಒಂದು ಖಾಲಿ ಗೆರೆ. ಸುತ್ತಲಿದ್ದವರು ದೊಡ್ಡ ದೊಡ್ಡ ಮಾತುಗಳನ್ನು ಬರೆದುಕೊಂಡಿದ್ದರು. ಐಲಾ ಪೆನ್ನು ಹಿಡಿದು ಒಂದು ಗಳಿಗೆ ನಿಂತು, ಏನೂ ಬರೆಯದೆ ಕೆಳಗಿಟ್ಟಳು.

ಒಳಗೆ ಮುನ್ನೂರು ಜನ ಇದ್ದಿರಬಹುದು. ಎಲ್ಲರಿಗೂ ಎಲ್ಲರ ಪರಿಚಯ ಇರುವಂತಿತ್ತು. ಅಪ್ಪಿಕೊಳ್ಳುವವರು, ಬೆನ್ನು ತಟ್ಟುವವರು, ಹೋದ ವರ್ಷದ ಯಾವುದೋ ತಮಾಷೆ ನೆನೆದು ಬಗ್ಗಿ ಬಗ್ಗಿ ನಗುವವರು. ಗುಂಪುಗಳು ಪತ್ರದಲ್ಲಿ ಹೇಳಿದಂತೆಯೇ ಜಾಗ ಬಿಟ್ಟು ನಿಂತಿದ್ದವು. ಒಂದು ಗುಂಪಿನ ಆ ಜಾಗದಲ್ಲಿ ಐಲಾ ಹೋಗಿ ನಿಂತಳು. ಇಬ್ಬರು ತಿರುಗಿ ನೋಡಿ ಮುಗುಳ್ನಕ್ಕರು. ಮಾತು ಮುಂದುವರಿಯಿತು. ಅವಳಿಗೆ ಅದರಲ್ಲಿ ಅರ್ಧ ತಿಳಿಯಿತು, ಉಳಿದರ್ಧ ಆ ಗುಂಪಿನ ಹಳೆಯ ಕತೆ. ಸ್ವಲ್ಪ ಹೊತ್ತಾದ ಮೇಲೆ ಕಾಫಿಗೆ ಹೋಗುವವಳಂತೆ ಅಲ್ಲಿಂದ ಜಾರಿಕೊಂಡಳು. ಯಾರೂ ತಡೆಯಲಿಲ್ಲ.

ಮೊದಲ ಭಾಷಣ ಮುಗಿದಾಗ, ಚರ್ಚಾಕಟ್ಟೆಯ ಫೋಟೋದಲ್ಲಷ್ಟೇ ನೋಡಿದ್ದ ಹಾಲಿಸ್ ಕಾಣಿಸಿದ. ಉದ್ದನೆಯ, ಬಾಗಿದ ಬೆನ್ನಿನ ಮನುಷ್ಯ. ಕೈಯಲ್ಲಿ ಹೆಣೆದ ಸ್ವೆಟರ್, ಕುತ್ತಿಗೆಗೆ ನೇತುಹಾಕಿಕೊಂಡ ಕನ್ನಡಕ. ಸುತ್ತ ಏಳೆಂಟು ಜನ. ಐಲಾ ಕೈಚೀಲದಲ್ಲಿದ್ದ ಬ್ರೆಡ್ಡನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ಹೋದಳು.

“ನಾನು ಐಲಾ,” ಎಂದಳು. “ಐಲಾ ರಂತಾಲ.”

“ಓ, ಐಲಾ! ತುಂಬಾ ಸಂತೋಷ.” ಹಾಲಿಸ್ ಅವಳ ಕೈ ಕುಲುಕಿದ. ಅವನ ಕಣ್ಣು ಅವಳ ಕೊರಳ ಚೀಟಿಗೆ ಇಳಿದು ಮೇಲೆ ಬಂತು. “ಮೊದಲನೇ ಸಲಾನಾ ಇಲ್ಲಿಗೆ?”

“ಹೌದು. ನೀವು... ನನ್ನ ಪ್ರಶ್ನೆಗಳಿಗೆ ನೀವು ಉತ್ತರ ಬರೀತಿದ್ರಿ. ಚರ್ಚಾಕಟ್ಟೇಲಿ.”

“ಹೌದಾ! ತಪ್ಪು ತಪ್ಪು ಹೇಳಿ ಕೆಡಿಸಿಲ್ಲ ತಾನೆ?” ಸುತ್ತ ನಿಂತವರು ನಕ್ಕರು. “ಬೆಳಿಗ್ಗೆ ಎದ್ದು ಮಾಡೋ ಕೆಲಸ ಅದೊಂದೇ ನೋಡಿ ನನಗೆ. ಯಾರಿಗೆ ಏನು ಬರೆದೆ ಅಂತ ತಲೇಲಿ ನಿಲ್ಲೋದೇ ಇಲ್ಲ.”

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅಷ್ಟರಲ್ಲಿ ಪಕ್ಕದವನು ಏನೋ ಕೇಳಿದ, ಹಾಲಿಸ್ ಅತ್ತ ತಿರುಗಿದ. ಐಲಾ ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡು, ಕೋಟು ತೂಗುಹಾಕಿದ ಕಡೆಗೆ ನಡೆದಳು.

ಊರಿಗೆ ಹೋಗಿಬಿಡಬೇಕೆಂದೇ ಕೋಟು ತೊಟ್ಟಳು. ಬೇಗ ಮರಳಿದರೆ ಡೆಲ್ಮರ್ ನಗುತ್ತಾನೆಂದು ನೆನಪಾಯಿತು. ಆದರೆ ನಾಳೆ ಶನಿವಾರ, ಶೆಡ್ಡಿಗೆ ಬೀಗ. ಸೋಮವಾರದವರೆಗೆ ಅವಳು ಎಲ್ಲಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆಯೇ ಅವಳನ್ನು ಬಾಗಿಲ ಬಳಿ ನಿಲ್ಲಿಸಿತು. ಮನೆಗೆ ಹೋಗಿ ಮಾಡುವುದಾದರೂ ಏನು? ಕೋಟು ಬಿಚ್ಚದೆಯೇ ಮೌನದ ಕೋಣೆಗೆ ಹೋಗಿ ಕುಳಿತಳು.

ಅಲ್ಲಿ ಇನ್ನೊಬ್ಬಳಿದ್ದಳು. ನಲವತ್ತೈದರ ಆಸುಪಾಸಿನ ಕಪ್ಪು ಹೆಂಗಸು, ಬೆರಳುಗಳನ್ನು ಬಿಸಿನೀರಿನ ಚೀಲಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಐಲಾ ಅವಳನ್ನು ಗುರುತಿಸಿದಳು. ವೇದಿಕೆಯ ಪಕ್ಕದಲ್ಲಿ ಸಣ್ಣದೊಂದು ಶೀಘ್ರಲಿಪಿ ಯಂತ್ರ ಇಟ್ಟುಕೊಂಡು, ಕಿವಿ ಕೇಳದವರಿಗಾಗಿ ಭಾಷಣದ ಪ್ರತಿ ಮಾತನ್ನೂ ಆಗಿಂದಾಗಲೇ ಪರದೆಯ ಮೇಲೆ ಮೂಡಿಸುತ್ತಿದ್ದವಳು.

“ಇಲ್ಲಿ ಮಾತಾಡಬಹುದಾ?” ಎಂದು ಐಲಾ ಪಿಸುದನಿಯಲ್ಲಿ ಕೇಳಿದಳು.

“ನಾವಿಬ್ಬರೇ ತಾನೆ ಇರೋದು. ಯಾರು ಬಯ್ತಾರೆ?” ಅವಳು ಕಣ್ಣು ತೆರೆದಳು. “ನಾನು ಜನೀವಾ. ಮಿಲ್ವಾಕಿಯವಳು. ಅದೇನ್ರೀ ಅಷ್ಟು ಘಮ್ ಅಂತಿದೆ ನಿಮ್ಮ ಚೀಲದಲ್ಲಿ?”

ಐಲಾ ಬಟ್ಟೆ ಬಿಚ್ಚಿದಳು. ಕತ್ತರಿಸಲು ಚಾಕುವಿರಲಿಲ್ಲ. ಜಡೆಯ ತುದಿ ಮುರಿದು ಕೊಟ್ಟಳು.

“ಬೇರೆ ಯಾರಿಗೋ ತಂದಿದ್ದು ಅನ್ಸುತ್ತೆ,” ಎಂದಳು ಜನೀವಾ, ಬಾಯಿ ತುಂಬಿಕೊಂಡೇ.

“ತಂದಿದ್ದೆ. ಅವರಿಗೆ ನನ್ನ ಗುರುತೇ ಸಿಗಲಿಲ್ಲ.”

“ಹಾಗಾದ್ರೆ ಅವರ ಪಾಲು ಹೋಯ್ತು, ಬಿಡಿ.” ಜನೀವಾ ಇನ್ನೊಂದು ತುಂಡು ಮುರಿದುಕೊಂಡಳು. “ನನ್ನ ಕತೆ ಕೇಳಿ. ಹನ್ನೊಂದು ವರ್ಷದಿಂದ ಇಂಥ ಸಮ್ಮೇಳನಗಳಲ್ಲಿ ಕೂತು ಇವರು ಆಡೋ ಒಂದೊಂದು ಮಾತನ್ನೂ ಯಂತ್ರದಲ್ಲಿ ಬಡಿದಿದ್ದೀನಿ. ಒಂದಕ್ಷರ ಅರ್ಥವಾಗಿಲ್ಲ. ಇವತ್ತಿನ ತನಕ ಒಬ್ಬರೂ ಬಂದು, ಜನೀವಾ, ನಿನಗೇನನ್ನಿಸ್ತು ಅಂತ ಕೇಳಿಲ್ಲ.”

“ಏನನ್ನಿಸ್ತು?”

ಜನೀವಾ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ಗಟ್ಟಿಯಾಗಿ ನಕ್ಕಳು. “ಬೆಳಗಿನ ಆ ಸೂಟಿನವನು ಇದ್ದನಲ್ಲ, ನಲವತ್ತು ನಿಮಿಷ ಮಾತಾಡಿ ಏನೂ ಹೇಳಲಿಲ್ಲ. ಕೈಗೆ ಗೊತ್ತಾಗುತ್ತೆ. ಹುರುಳಿರೋ ಮಾತು ಬೇರೆ ಥರ ಬರುತ್ತೆ.”

ಊಟದ ಹೊತ್ತಿಗೆ ಐಲಾ ತನ್ನ ಬಸ್ಸುಗಳ ವಿಷಯವನ್ನೆಲ್ಲ ಅವಳಿಗೆ ಹೇಳಿಬಿಟ್ಟಿದ್ದಳು. ಜನೀವಾ ಅವಳನ್ನು ನಡೆಸಿಕೊಂಡು ಹೋಗಿ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯ ಮುಂದೆ ನಿಲ್ಲಿಸಿದಳು. ಶನಿವಾರ ಮಧ್ಯಾಹ್ನ ಯಾರು ಬೇಕಾದರೂ ಐದು ನಿಮಿಷ ಮಾತಾಡಬಹುದು, ಹೆಸರು ಬರೆದರೆ ಸಾಕು.

“ನನ್ನ ಕೈಲಾಗಲ್ಲ,” ಎಂದಳು ಐಲಾ.

“ನಲವತ್ತು ನಿಮಿಷ ಸುಮ್ಮಸುಮ್ಮನೆ ಬಡಿದ ಕೈ ಇದು. ನನಗೋಸ್ಕರ ಐದು ನಿಮಿಷ ಬಸ್ಸಿನ ಮಾತು ಆಡಬಾರದಾ?”

ಶನಿವಾರ ಅವಳ ಸರದಿ ಏಳನೆಯದು. ವೇದಿಕೆ ಹತ್ತಿದಾಗ ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ. ಬರೆದುಕೊಂಡಿದ್ದ ಮೊದಲ ವಾಕ್ಯವೇ ಮರೆತುಹೋಯಿತು. ಪಕ್ಕದ ಪರದೆ ಖಾಲಿ. ಜನೀವಾ ಯಂತ್ರದ ಮೇಲೆ ಬೆರಳಿಟ್ಟು ಅವಳನ್ನೇ ನೋಡುತ್ತಿದ್ದಳು. ಅವಳಿಗೆ ಯಾವ ಅವಸರವೂ ಇದ್ದಂತಿರಲಿಲ್ಲ.

“ಅವತ್ತು ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗಿತ್ತು,” ಎಂದಳು ಐಲಾ ಕೊನೆಗೆ. ಪರದೆಯ ಮೇಲೆ ಅದು ಮೂಡಿತು. ತಾನು ಆಡಿದ ಮಾತನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅವಳು ಎಂದೂ ಕಂಡಿರಲಿಲ್ಲ. ಮುಂದಿನದು ತಾನಾಗಿ ಬಂತು. ಹೊಳೆಯ ಸೇತುವೆ ಬಿರುಕು ಬಿಟ್ಟು ಮುಚ್ಚಿದ್ದು, ಅವಳ ಪ್ರೋಗ್ರಾಂ ಒಂಬತ್ತನೇ ನಂಬರಿನ ಬಸ್ಸನ್ನು ಸುತ್ತಿಸಿ ಸುತ್ತಿಸಿ ಮತ್ತೆ ಅದೇ ಸೇತುವೆಗೆ ತಂದು ನಿಲ್ಲಿಸುತ್ತಿದ್ದದ್ದು, ಡ್ರೈವರ್ ಟೊಯಿವೊ ರೇಡಿಯೋದಲ್ಲಿ ಫಿನ್ನಿಶ್ ಬೈಗುಳ ಸುರಿಸಿದ್ದು. ಜನ ನಕ್ಕರು. “ಕೆಲವು ದಿನ ಪೇಚಾಡಿದ ಮೇಲೆ ಒಬ್ಬರು ನನಗೆ ಬರೆದರು. ಪ್ರೋಗ್ರಾಮಿನಲ್ಲಿ ಸೇತುವೆಯನ್ನು ಹೋಗುವ ಕಡೆಯಿಂದ ಮಾತ್ರ ಮುಚ್ಚಿದ್ದೀರಿ, ಬರುವ ಕಡೆಯಿಂದ ಅದಿನ್ನೂ ತೆರೆದೇ ಇದೆ ಅಂತ. ಒಂದು ಸಾಲು ತಿದ್ದಿದೆ. ಇಪ್ಪತ್ತಮೂರು ಮಕ್ಕಳು ಶಾಲೆ ಮುಟ್ಟಿದರು.” ಐದು ನಿಮಿಷ ಮುಗಿದ ಗಂಟೆ ಹೊಡೆಯಿತು. ಚಪ್ಪಾಳೆಯ ನಡುವೆ ಅವಳು ಕೆಳಗಿಳಿದಳು.

ಹಾಲಿಸ್ ನಡುಸಾಲಿನಿಂದ ಜನರ ಮೊಣಕಾಲು ದಾಟಿಕೊಂಡು ಬರುತ್ತಿದ್ದ.

“ಸೇತುವೆ!” ಎಂದ. “ಆ ಸೇತುವೆ ನಿಮ್ಮದಾ? ಮೊದಲೇ ಹೇಳಬಾರದಿತ್ತಾ!”

“ಹೇಳಿದೆನಲ್ಲ. ಹೆಸರು ಹೇಳಿದೆ.”

“ಹೆಸರು ನನಗೆ ನಿಲ್ಲಲ್ಲ.” ಅವನು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದ. “ಆ ಚಳಿಗಾಲ ಪೂರ್ತಿ ನಾನು ಆಸ್ಪತ್ರೇಲಿದ್ದೆ. ನನ್ನ ಹೆಂಡತಿಗೆ ಹುಷಾರಿರಲಿಲ್ಲ. ಹೊರಗಡೆ ಬೆಂಚಿನ ಮೇಲೆ ಕೂತು ನಿಮ್ಮ ಬಸ್ಸಿನ ನಕ್ಷೆ ಬಿಡಿಸ್ತಿದ್ದೆ, ಊಟದ ಚೀಟಿ ಹಿಂದೆ. ಆ ಇಡೀ ಕಟ್ಟಡದಲ್ಲಿ ಬಗೆಹರಿಯೋ ಸಮಸ್ಯೆ ಅಂತ ಇದ್ದದ್ದು ಅದೊಂದೇ.”

ಆ ದಿನಗಳಲ್ಲಿ ಐಲಾ ದಿನಕ್ಕೆ ಎರಡು ಮೂರು ಸಲ ಬರೆಯುತ್ತಿದ್ದಳು. ‘ಇನ್ನೂ ಸರಿಯಾಗಿಲ್ಲ, ಬೇಗ ಹೇಳಿ’ ಎಂದೂ ಬರೆದದ್ದುಂಟು. ಬಾಯಿ ತೆರೆಯುವಷ್ಟರಲ್ಲಿ ಯಾರೋ ಹಾಲಿಸನ ತೋಳು ಹಿಡಿದು, ಫೋಟೋಗೆ ಎಲ್ಲರೂ ಕಾಯುತ್ತಿದ್ದಾರೆಂದು ಎಳೆದರು. “ಬರೀತಾ ಇರಿ,” ಎಂದು ಅವನು ತಿರುಗಿ ಹೇಳಿದ. ಸಂಜೆ ಅವನ ವಿಮಾನವಿತ್ತು. ಮತ್ತೆ ಕಾಣಲಿಲ್ಲ.

ಜನೀವಾಳ ಕೆಲಸವೂ ಅಂದೇ ಮುಗಿಯಿತು. ಯಂತ್ರವನ್ನು ಪೆಟ್ಟಿಗೆಗೆ ತುಂಬುತ್ತ, “ನಿಮ್ಮ ಮಾತು ಕೈಗೆ ಚೆನ್ನಾಗಿ ಬಂತು,” ಎಂದಷ್ಟೇ ಹೇಳಿದಳು. ಐಲಾ ಉಳಿದ ಅರ್ಧ ಬ್ರೆಡ್ಡನ್ನು ಅವಳ ಪೆಟ್ಟಿಗೆಯ ಮೇಲಿಟ್ಟಳು.

ಭಾನುವಾರ, ಉಳಿದವರೆಲ್ಲ ಒಟ್ಟಿಗೆ ಕುಳಿತು ಕೆಲಸ ಮಾಡುವ ದಿನ. ನಲವತ್ತು ಜನರೂ ಇರಲಿಲ್ಲ. ಐಲಾ ಇಬ್ಬರು ಅಪರಿಚಿತರ ಮೇಜಿನಲ್ಲಿ ಕುಳಿತು, ಹೊಸಬರಿಗಾಗಿ ಬರೆದ ಪುಟಗಳಲ್ಲಿ ತಪ್ಪು ತಿದ್ದಿದಳು. ಕೀಲಿಗಳ ಸದ್ದು ಬಿಟ್ಟರೆ ಮಾತಿಲ್ಲ. ಎದುರಿನವನು ಎದ್ದಾಗ ಅವಳಿಗೂ ಒಂದು ಕಾಫಿ ತಂದಿಟ್ಟ. ಕಿಟಕಿಯಾಚೆ ಸರೋವರದ ಮಂಜುಗಡ್ಡೆ ಗಾಳಿಗೆ ದಡಕ್ಕೆ ಒತ್ತಿಕೊಂಡು ಬರುತ್ತಿತ್ತು. ಹಾಲಿಸನ ಹೆಂಡತಿ ಏನಾದರು ಎಂದು ಕೇಳಲೇ ಇಲ್ಲವಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಕಾಫಿ ಆರಿಹೋಯಿತು.

ಸೋಮವಾರ ಬಸ್ಸುಗಳೆಲ್ಲ ಹೊರಟ ಮೇಲೆ ಚರ್ಚಾಕಟ್ಟೆ ತೆರೆದು, ಹಾಲಿಸನೊಬ್ಬನಿಗೇ ಕಾಣುವಂತೆ ಬರೆಯಲು ಕುಳಿತಳು. ಸುಮ್ಮನೆ ಬರೆಯಲು ಸಂಕೋಚವಾಗಿ, ಪ್ರೋಗ್ರಾಮಿನಲ್ಲಿ ಇಲ್ಲದ ತೊಂದರೆಯೊಂದನ್ನು ಹುಟ್ಟಿಸಿ ನಾಲ್ಕು ಸಾಲು ಬರೆದಳು. ಅಳಿಸಿದಳು. ಆಮೇಲೆ ಬರೆದಳು: “ಇದು ಪ್ರೋಗ್ರಾಮಿನ ವಿಷಯವಲ್ಲ. ಅವತ್ತೇ ಕೇಳಬೇಕಿತ್ತು. ನಿಮ್ಮ ಹೆಂಡತಿ ಹೇಗಿದ್ದಾರೆ?”

ಮಂಗಳವಾರ ಉತ್ತರವಿಲ್ಲ. ಬುಧವಾರವೂ ಇಲ್ಲ. ಒಂಬತ್ತು ವರ್ಷದಲ್ಲಿ ಹಾಲಿಸ್ ಒಂದು ದಿನಕ್ಕಿಂತ ಹೆಚ್ಚು ಕಾಯಿಸಿದವನಲ್ಲ. ಕೇಳಬಾರದ್ದನ್ನು ಕೇಳಿದೆನೆಂದು ಐಲಾ ಕೈ ಕೈ ಹಿಸುಕಿಕೊಂಡಳು. ಸಮ್ಮೇಳನ ಹೇಗಿತ್ತೆಂದು ಡೆಲ್ಮರ್ ಕೇಳಿದಾಗ “ಜನ ಬಹಳ” ಎಂದಳು.

ಗುರುವಾರ ಬಂತು. “ಆ ಮಾರ್ಚಿನಲ್ಲಿ ತೀರಿಕೊಂಡಳು. ಹೆಸರು ಮಾರ್ಲಿಸ್. ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದಳು. ನಿಮ್ಮ ಬಸ್ಸಿನ ನಕ್ಷೆಯನ್ನು ಅವಳಿಗೂ ತೋರಿಸಿದ್ದೆ. ಪಾಪ ಆ ಡ್ರೈವರ್, ಯಾರಾದರೂ ಅವನಿಗೆ ಟೀ ಕೊಟ್ಟರೋ ಇಲ್ಲವೋ ಎಂದಿದ್ದಳು. ಇಷ್ಟು ಬರೆಯಲು ಮೂರು ದಿನ ಹಿಡಿಯಿತು, ಕ್ಷಮಿಸಿ.”

ಐಲಾ ಅದನ್ನು ಎರಡು ಸಲ ಓದಿದಳು. ಟೊಯಿವೊಗೆ ಅಂದು ಯಾರೂ ಟೀ ಕೊಟ್ಟಿರಲಿಲ್ಲ. ಅದನ್ನೇ ಬರೆದಳು, ಇದ್ದದ್ದು ಇದ್ದ ಹಾಗೆ. ಅವನು ಬಿಟ್ಟ ಬೈಗುಳಗಳಲ್ಲಿ ಬರೆಯಬಹುದಾದ ಒಂದನ್ನು ಅರ್ಥಸಹಿತ ಸೇರಿಸಿದಳು.

ಆ ಮೇಲೆ ಅವರು ತಿಂಗಳಿಗೊಮ್ಮೆಯೋ ಎರಡು ಸಲವೋ ಬರೆದುಕೊಳ್ಳುತ್ತಿದ್ದರು. ಹೆಚ್ಚೇನೂ ಇರುತ್ತಿರಲಿಲ್ಲ. ಹಿಮ ಎಷ್ಟು ಬಿತ್ತು, ಮಾರ್ಲಿಸಳ ಪಿಯಾನೋವನ್ನು ಯಾವ ಶಾಲೆಗೆ ಕೊಡುವುದು, ಇಂಥವು. ಮರುವರ್ಷದ ಸಮ್ಮೇಳನಕ್ಕೆ ಹಾಲಿಸ್ ಬರಲಿಲ್ಲ. ಐಲಾ ಹೋದಳು. ಹೆಸರಿನ ಚೀಟಿಯ ಗೆರೆಯನ್ನು ಆ ಸಲವೂ ಏನು ತುಂಬುವುದೆಂದು ತಿಳಿಯದೆ ಖಾಲಿ ಬಿಟ್ಟು, ಒಳಗೆ ನಡೆದಳು.