ಹೆಳವನ ಪುಸ್ತಕದಲ್ಲಿ ಬೀರಪ್ಪನ ಪುಟ

ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಹಂಸಭಾವಿಯಿಂದ ಮೂರು ಮೈಲು ಈಚೆಗಿನ ಆ ಊರಿಗೆ ಈಗ ಡಾಂಬರು ರಸ್ತೆಯೇ ಕಣ. ದುರಗವ್ವ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿ, ಬರಿಗಾಲಿನಿಂದ ಗೆರೆ ಎಳೆಯುತ್ತ ಕಾಳು ತಿರುವುತ್ತಿದ್ದಳು. ಮಗ ಫಕ್ಕೀರೇಶ ಒಣಗಿದ್ದನ್ನು ಚೀಲಕ್ಕೆ ತುಂಬುತ್ತಿದ್ದ. ಸೊಸೆ ಮಂಜುಳಾ ಚೀಲದ ಬಾಯಿ ಹೊಲಿಯುತ್ತಿದ್ದಳು.

ಹೆಳವರ ಗಿರಿಯಪ್ಪನ ಗಾಡಿ ಬಂದು ನಿಂತಿತು. ಮೂರು ವರ್ಷಕ್ಕೊಮ್ಮೆ ಸುಗ್ಗಿ ನೋಡಿಕೊಂಡು ಹಾನಗಲ್ ಕಡೆಯಿಂದ ಬರುತ್ತಾನೆ. ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನದು ಟಿವಿಎಸ್. ಬಾಗಿಲ ಮುಂದೆ ನಿಂತು ಮನೆತನದ ತಲೆಮಾರುಗಳನ್ನು ಗಟ್ಟಿಯಾಗಿ ಓದುವುದು, ಹುಟ್ಟಿದವರನ್ನೂ ಸತ್ತವರನ್ನೂ ಪುಸ್ತಕಕ್ಕೆ ಏರಿಸುವುದು, ಕಾಳು ಈಸಿಕೊಂಡು ಮುಂದಿನ ಊರಿಗೆ ಹೋಗುವುದು ಅವನ ಕಸುಬು. ಗಿರಿಯಪ್ಪನ ವಂಶದವರು ಒಂದು ನೇಮ ಇಟ್ಟುಕೊಂಡಿದ್ದರು. ಕೂಸಿನ ತಂದೆ ಯಾರೆಂಬುದು ನಾಲ್ಕು ಮಂದಿ ಕೇಳುವಂತೆ ತಾಯಿಯ ಬಾಯಿಂದಲೇ ಬರಬೇಕು. ಒಮ್ಮೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲ.

ಅವನ ಹಿಂದೆ ಕೋಲೂರಿಕೊಂಡು ಪರಮೇಶಪ್ಪ ಬರುತ್ತಿದ್ದ.

ಮೂವತ್ತೆಂಟು ವರ್ಷದ ಹಿಂದೆ ದುರಗವ್ವ ಈ ಪರಮೇಶಪ್ಪನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು. ಹೊಟ್ಟೆ ಕಾಣಿಸಿದಾಗ ಹಿರಿಯರು ಕಟ್ಟೆಗೆ ಕರೆಸಿದರು. ಪರಮೇಶಪ್ಪ ಹೆಗಲ ಮೇಲಿನ ಟವೆಲ್ಲು ಝಾಡಿಸಿ, ‘ಈಕಿ ಯಾರ್ಯಾರ ಹೊಲಕ್ಕ ಹೋಗ್ತಾಳೋ ನನಗೇನ ಗೊತ್ತರಿ?’ ಅಂದಿದ್ದ. ಕಟ್ಟೆಯ ತುಂಬ ನಗೆ. ಮೂರನೆಯ ದಿನ ಕುರಿ ಕಾಯುವ ಬೀರಪ್ಪ ಅವಳ ಮನೆಗೆ ಬಂದು, ‘ಕೂಸಿಗೆ ನನ್ನ ಹೆಸರ ಇರ್ಲಿ’ ಎಂದು ಹೇಳಿ, ಅದೇ ವಾರ ತಾಳಿ ಕಟ್ಟಿದ.

ಶಾಲೆಯಲ್ಲಿ, ರೇಷನ್ ಕಾರ್ಡಿನಲ್ಲಿ ಫಕ್ಕೀರೇಶನ ತಂದೆ ಬೀರಪ್ಪನೇ. ಹೆಳವನ ಪುಸ್ತಕದಲ್ಲಿ ಮಾತ್ರ ಆ ಜಾಗ ಖಾಲಿ. ಪುಸ್ತಕದ ಮುಂದೆ ಸುಳ್ಳು ಹೇಳಲು ದುರಗವ್ವನಿಗೆ ನಾಲಿಗೆ ಏಳಲಿಲ್ಲ, ಪರಮೇಶಪ್ಪನ ಹೆಸರು ಹೇಳಲು ಮನಸ್ಸು ಒಪ್ಪಲಿಲ್ಲ. ಪ್ರತಿ ಸಲವೂ ಓದುತ್ತ ಓದುತ್ತ ಗಿರಿಯಪ್ಪ ಬೀರಪ್ಪನ ಹೆಸರಿಗೆ ಬಂದು ನಿಂತುಬಿಡುತ್ತಿದ್ದ. ‘ಇರ್ಲಿ ಬಿಡಬೇ’ ಎಂದು ಬೀರಪ್ಪ ಬೀಡಿ ಹಚ್ಚುತ್ತಿದ್ದ. ಹಾಗೆ ಖಾಲಿ ಪುಟದವನಾಗಿಯೇ ಹೋದ ವರ್ಷ ತೀರಿಕೊಂಡ.

“ದುರಗವ್ವಾರ, ಆರಾಮ ಅದೀರಿ?” ಅಂದ ಪರಮೇಶಪ್ಪ.

“ಕಾಳ ತುಳಿಬ್ಯಾಡ್ರಿ. ಈ ಕಡೆ ನಿಂದರ್ರಿ.”

ಪರಮೇಶಪ್ಪ ಕಾಲು ಹಿಂದಕ್ಕೆ ತೆಗೆದ. ಅವನ ಒಬ್ಬನೇ ಮಗ ಅಂಬರೀಶ ಗಾಡಿ ಬಿದ್ದು ಸತ್ತು ಎರಡು ವರ್ಷ, ಮಕ್ಕಳಿರಲಿಲ್ಲ. ಹಿರೇಕೆರೂರಿನ ವಕೀಲ, ಫಕ್ಕೀರೇಶನ ಕಾಗದಪತ್ರದಲ್ಲಿ ತಂದೆಯ ಹೆಸರು ಈಗ ಬದಲಾಗುವುದಿಲ್ಲ ಎಂದು ಕಾಗದ ಮಡಚಿ ಕೊಟ್ಟಿದ್ದ. ಇನ್ನು ಉಳಿದದ್ದು ಈ ಪುಸ್ತಕ.

“ವಯಸ್ಸಿನ್ಯಾಗ ಒಂದ ಮಾತ ಆಡಿಬಿಟ್ಟೆ. ಈಗ ಗಿರಿಯಪ್ಪನ ಮುಂದ ಖರೇ ಹೇಳ್ರಿ. ಫಕ್ಕೀರೇಶ ನನ್ನ ಪುಟಕ್ಕ ಬರ್ಲಿ. ಕೆರಿ ಕೆಳಗಿನ ಐದ ಎಕರೆ ಅವನ ಹೆಸರಿಗೆ ಮಾಡ್ತೇನಿ.”

ಫಕ್ಕೀರೇಶನ ಕೈಯ ಬುಟ್ಟಿ ನಿಂತಿತು.

“ಖರೇನ ಹೇಳಬೇಕೇನ್ರಿ?”

“ಖರೇನ.”

“ಹಂಗಾರ ಮಂದಿ ಕರೀರಿ. ಅವತ್ತ ಕಟ್ಟಿಮ್ಯಾಲ ನಕ್ಕಾವ್ರು ಯಾರ್ಯಾರ ಉಳದಾರ, ಅವ್ರು ಬರ್ಲಿ.”

ಇಬ್ಬರೇ ಉಳಿದಿದ್ದರು. ಶಂಕ್ರಪ್ಪ ಬಂದ, ಕರೀಮಸಾಬ ಬಂದ.

“ಮುದುಕಿ ಆದಮ್ಯಾಲ ಏನ ಪಂಚಾಯ್ತಿಬೇ ನಿಂದು?” ಅಂದ ಶಂಕ್ರಪ್ಪ.

“ಅವತ್ತಿಂದು ಮುಗದಿಲ್ಲೋ ಮಾವ. ಕುಂದರು.”

ಗಿರಿಯಪ್ಪ ತುಂಬಿದ ಚೀಲದ ಮೇಲೆ ಪುಸ್ತಕ ಬಿಚ್ಚಿದ. “ಹೇಳ ತಾಯಿ.”

“ಮೊದಲ ಇವ್ರ ಪುಟ ತಗಿ. ಬರಿ. ಪರಮೇಶಪ್ಪ ದುರಗವ್ವನ ಹೊಟ್ಟ್ಯಾಗ ಒಂದ ಗಂಡ ಕೂಸ ಹುಟ್ಟಿಸಿದ. ನಾಕ ಮಂದ್ಯಾಗ ನನ್ನದಲ್ಲ ಅಂದ.”

“ಅದನ್ಯಾಕ ಬರಸ್ತೀರಿ?”

“ಖರೇ ಹೌದಲ್ರಿ? ಅಲ್ಲ ಅಂತ ಇನ್ನೊಮ್ಮಿ ಹೇಳ್ರಿ, ಬರಿಯೂದ ಬ್ಯಾಡ.”

ಅಲ್ಲವೆಂದರೆ ಈ ಮಗನೂ ಕೈತಪ್ಪಿ ಹೋದಂತೆ. ಪರಮೇಶಪ್ಪ ಶಂಕ್ರಪ್ಪನ ಮುಖ ನೋಡಿದ. ಶಂಕ್ರಪ್ಪ ನೆಲ ನೋಡುತ್ತ, “ಅಂದಿದ್ದಿ. ನಾನೂ ನಕ್ಕಿದ್ದೆ” ಎಂದ. ಕರೀಮಸಾಬ ಹೌದೆಂದು ಗೋಣು ಹಾಕಿದ.

ಪೆನ್ನು ಓಡಿತು. “ಕೂಸಿನ ಹೆಸರು?”

“ಕೂಸಿನ ಹೆಸರ ಆ ಪುಟದಾಗ ಇಲ್ಲ. ಒಲ್ಲೆ ಅಂದಾವ್ರಿಗೆ ಹೆಸರ್ಯಾಕ? ಮಗ ಅಂಬರೀಶ ಮಕ್ಕಳಿಲ್ಲದ ತೀರಿದ, ವಂಶ ಅಲ್ಲಿಗೆ ನಿಂತಿತು ಅಂತ ಬರಿ. ಈಗ ಬೀರಪ್ಪನ ಪುಟ ತಗಿ. ಹುಟ್ಟಿಸಿದಾಂವ ಪರಮೇಶಪ್ಪ, ಅಪ್ಪ ಬೀರಪ್ಪ. ಮಗ ಫಕ್ಕೀರೇಶ, ಸೊಸಿ ಮಂಜುಳಾ, ಮೊಮ್ಮಗಳು ಸಮತಾ.”

“ಹೊಡಿ! ಗಿರಿಯಪ್ಪ, ಆ ಸಾಲ ಹೊಡಿ!” ಪರಮೇಶಪ್ಪನ ಕೈ ಪುಸ್ತಕದ ಕಡೆ ಬಂತು. ಗಿರಿಯಪ್ಪ ಅದನ್ನು ಎದೆಗೆ ಒತ್ತಿಕೊಂಡ.

“ನಮ್ಮ ಮನೆತನದಾಗ ಹೊಡೆಯೂ ಪದ್ಧತಿ ಇಲ್ರಿ. ಮೂರ ವರ್ಷಕ್ಕೊಮ್ಮಿ ನಿಮ್ಮ ಬಾಗಲದಾಗ ಇದ್ದದ್ದ ಇದ್ದಂಗ ಓದತೇನಿ. ನಾ ಹೋದ್ರ ನನ್ನ ಮಗ ಓದತಾನ.”

ಹೊಸದಾಗಿ ಬರೆದದ್ದನ್ನು ಅಲ್ಲೇ ಓದಿ ತೋರಿಸಬೇಕು. ಅವನು ಎದ್ದು ನಿಂತು ಓದಿದ, ಎರಡೂ ಪುಟ. ‘ವಂಶ ನಿಂತಿತು’ ಎಂಬಲ್ಲಿ ದುರಗವ್ವ, “ಕೇಳಲಿಲ್ಲ, ಇನ್ನೊಮ್ಮಿ” ಅಂದಳು. ಗಿರಿಯಪ್ಪ ಇನ್ನೊಮ್ಮೆ ಓದಿದ. ಪರಮೇಶಪ್ಪ ಹರವಿದ ಕಾಳಿನ ನಡುವೆಯೇ ಕಾಲೆಳೆಯುತ್ತ ಹೋದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಅವಳು ಕಣ್ಣು ಕೀಳಲಿಲ್ಲ. ಆಮೇಲೆ ಹೆಳವನಿಗೆ ಎರಡು ಬುಟ್ಟಿ ಕಾಳು ಹಾಕಿದಳು, ಬೀರಪ್ಪನ ಹೆಸರಿನಲ್ಲಿ.

ಎಲ್ಲರೂ ಹೋದ ಮೇಲೆ ಫಕ್ಕೀರೇಶ ಬಾಯಿಬಿಟ್ಟ.

“ಹೊಲ ಸುಡುಗಾಡಿಗೆ ಹೋಗ್ಲಿ ಬೇ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ? ನಮ್ಮ ಬಾಗಲದಾಗೂ ಗಿರಿಯಪ್ಪ ಇದನ್ನ ಓದವನ. ಸಮತಾ ನಿಂತ ಕೇಳಬೇಕು.”

ದುರಗವ್ವ ಚೀಲ ಎತ್ತಿ ಕೊಡಲು ಬಾಗಿ ಅದರ ಒಂದು ಮೂಲೆ ಹಿಡಿದಳು.

ಇನ್ನೊಂದು ಮೂಲೆ ಹಿಡಿಯದೆ ಫಕ್ಕೀರೇಶ, ಚೀಲ ಎತ್ತಲು ಮಂಜುಳಾಳನ್ನು ಕರೆದ.